ಮಫ್ತಿಯಲ್ಲಿ ಬಂದವನು

ಶಾಲೆಯ ಎದುರಿನ ಬೀದಿ. ತೆರೆದ ಲಾರಿಯೊಂದರ ಮೇಲೆ ಪಿಯಾನೋ ಇಟ್ಟುಕೊಂಡು ಜೆರ್ರಿ ಲೀ ಲೂಯಿಸ್ ಎಂಬ ಗಾಯಕ ಮೈಮರೆತು ಹಾಡುತ್ತಿದ್ದಾನೆ. ಸುತ್ತಲೂ ಹುಡುಗ ಹುಡುಗಿಯರ ಕುಣಿತ. ಆ ಗದ್ದಲದ ನಡುವೆ ಟೋನಿ ಬೇಕರ್ ಎಂಬ ತರುಣ ಹೊಸದಾಗಿ ಆ ಶಾಲೆಗೆ ಸೇರಲು ಬರುತ್ತಾನೆ. ಅವನ ನಡೆಯಲ್ಲಿ ಉದ್ಧಟತನ, ನುಡಿಯಲ್ಲಿ ಪೋಕರಿತನ. ಜೇಬಿನಲ್ಲಿ ಚಾಕು, ಕೈತುಂಬ ಹಣ. ಶಿಕ್ಷಕಿಯನ್ನು ಅವನು ಲೆಕ್ಕಕ್ಕೇ ಇಡುವುದಿಲ್ಲ. ಬಂದ ಕೆಲವೇ ದಿನಗಳಲ್ಲಿ ಶಾಲೆಯ ಪುಂಡರ ಕೂಟದ ನಾಯಕತ್ವಕ್ಕೇ ಕೈಹಾಕುತ್ತಾನೆ. ಗಾಂಜಾ ಎಲ್ಲಿ ಸಿಗುತ್ತದೆ, ತರುವವರು ಯಾರು, ಅವರಿಗೂ ಮೇಲಿನವರು ಯಾರು ಎಂದು ಒಬ್ಬೊಬ್ಬರನ್ನೇ ಕೇಳತೊಡಗುತ್ತಾನೆ. ಕಥೆ ಬಹುದೂರ ಸಾಗಿದ ಮೇಲೆ ನಮಗೆ ತಿಳಿದುಬರುತ್ತದೆ: ಇವನು ವಿದ್ಯಾರ್ಥಿಯಲ್ಲ, ಪುಂಡನೂ ಅಲ್ಲ. ಇವನ ನಿಜವಾದ ಹೆಸರು ಮೈಕ್ ವಿಲ್ಸನ್. ಮಾರುವೇಷದಲ್ಲಿ ಶಾಲೆಯನ್ನು ಹೊಕ್ಕ ಪೋಲೀಸಿನವನು!

'ಹೈಸ್ಕೂಲ್ ಕಾನ್ಫಿಡೆನ್ಶಿಯಲ್' ಎಂಬ ಈ ಅಮೆರಿಕನ್ ಚಿತ್ರ ತೆರೆಕಂಡದ್ದು 1958ರಲ್ಲಿ. ನಿರ್ದೇಶಕರು ಜ್ಯಾಕ್ ಆರ್ನಲ್ಡ್. ಟೋನಿಯ ಪಾತ್ರದಲ್ಲಿ ರಸ್ ಟ್ಯಾಂಬ್ಲಿನ್. ಈಚೆಗೆ ಒಂದು ಮಳೆಯ ಸಂಜೆ, ಕಾಲೇಜಿಗೆ ಹೋಗುವ ನನ್ನ ಮೊಮ್ಮಗ ಎಲ್ಲಿಂದಲೋ ಅದನ್ನು ಹುಡುಕಿ ತೆಗೆದು ನನ್ನನ್ನೂ ಕೂರಿಸಿಕೊಂಡು ನೋಡಿದ. ಉತ್ತಮ ಚಿತ್ರವೆಂದು ನಾನು ಹೇಳಲಾರೆ. ಹುಡುಗರೆಂದು ತೋರಿಸಿದವರಲ್ಲಿ ಹಲವರಿಗೆ ಹುಡುಗರ ವಯಸ್ಸು ಎಂದೋ ದಾಟಿಹೋಗಿದೆ. ಗಾಂಜಾದ ಕೇಡನ್ನು ಬೋಧಿಸುವ ನೆಪದಲ್ಲಿ ಪುಂಡಾಟವನ್ನೇ ಚೆನ್ನಾಗಿ ಮಾರುವ ವ್ಯಾಪಾರ ಅದು. 1955ರಲ್ಲಿ 'ಬ್ಲ್ಯಾಕ್‌ಬೋರ್ಡ್ ಜಂಗಲ್' ಎಂಬ ಚಿತ್ರ ಹಣಗಳಿಸಿದ ಮೇಲೆ ಹಾಲಿವುಡ್ಡಿನಲ್ಲಿ ದಾರಿತಪ್ಪಿದ ಹುಡುಗರ ಕಥೆಗಳಿಗೆ ಸುಗ್ಗಿಯೋ ಸುಗ್ಗಿ. ಇದು ಆ ಸುಗ್ಗಿಯ ಒಂದು ತೆನೆ.

ಆದರೂ ಇದರಲ್ಲಿ ಒಂದು ಮುಖವನ್ನು ಕಂಡು ನಾನು ಬೆಚ್ಚಿದೆ. ಹುಡುಗರಿಗೆ ವಿಷವುಣಿಸುವ ಜಾಲದ ಒಡೆಯನಾಗಿ ತೆರೆಯ ಮೇಲೆ ಬರುವ ದಪ್ಪ ಮೈಕಟ್ಟಿನ ಬೋಳುತಲೆಯವನು ಯಾರೆಂದುಕೊಂಡಿರಿ? ಜ್ಯಾಕಿ ಕೂಗನ್! 1921ರಲ್ಲಿ ಚಾರ್ಲಿ ಚಾಪ್ಲಿನ್ನರ 'ದಿ ಕಿಡ್' ಚಿತ್ರದಲ್ಲಿ ಮನೆಮನೆಯ ಕಿಟಕಿಗೆ ಕಲ್ಲು ಬೀರಿ ಗಾಜು ಒಡೆಯುತ್ತಿದ್ದ ಆ ಹರಕು ಅಂಗಿಯ ಪೋರ. ಹಿಂದೆಯೇ ಚಾಪ್ಲಿನ್ ಹೊಸ ಗಾಜು ಹೊತ್ತು ಬಂದು ಕಿಟಕಿಗೆ ಕೂರಿಸಿ ಕಾಸು ಪಡೆಯುತ್ತಾನೆ. ಮೂಲೆಯಲ್ಲಿ ಪೋಲೀಸಿನವನು ನಿಂತಿರುತ್ತಾನೆ. ಪ್ರಪಂಚವೇ ಮುದ್ದಿಸಿದ ಆ ಬಾಲಕ ಲಕ್ಷಾಂತರ ಡಾಲರ್ ಗಳಿಸಿದ. ಪ್ರಾಯಕ್ಕೆ ಬಂದು ನೋಡಿದರೆ ಅವನ ಗಳಿಕೆಯನ್ನೆಲ್ಲ ತಾಯಿಯೂ ಮಲತಂದೆಯೂ ಕರಗಿಸಿಬಿಟ್ಟಿದ್ದರು. 1938ರಲ್ಲಿ ಅವನು ಕೋರ್ಟು ಹತ್ತಿದ; ಅಳಿದುಳಿದ ಅಲ್ಪಸ್ವಲ್ಪ ಕೈಸೇರಿತು. ಬಾಲನಟರ ಸಂಪಾದನೆಯ ಒಂದು ಪಾಲನ್ನು ಅವರಿಗಾಗಿಯೇ ಕಾದಿಡಬೇಕೆಂಬ ಕಾನೂನು 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು ಈ ಮೊಕದ್ದಮೆಯಿಂದಲೇ. ಹಿರಿಯರ ಲಾಭಕ್ಕೆ ದುಡಿದ ಹುಡುಗ ಕೊನೆಗೆ, ಹುಡುಗರನ್ನು ತನ್ನ ಲಾಭಕ್ಕೆ ದುಡಿಸುವ ಹಿರಿಯನ ವೇಷ ಹಾಕಿದ. ವಿಧಿಗೆ ಇಂಥ ವಿನೋದಗಳು ಹಲವು. ಅದೇ ಚಿತ್ರದ ನಟವರ್ಗದಲ್ಲಿ ಚಾಪ್ಲಿನ್ನರ ಮಗ, ಕಿರಿಯ ಚಾರ್ಲ್ಸ್ ಚಾಪ್ಲಿನ್ನನೂ ಇದ್ದಾನೆ.

ಚಿತ್ರ ಮುಗಿಯಿತು. ಖಳರು ಸಿಕ್ಕಿಬಿದ್ದರು, ನಾಯಕ ನಕ್ಕ. ಮೊಮ್ಮಗ ಕೇಳಿದ: "ಅಜ್ಜಾ, ಇವನನ್ನ ಗೆಳೆಯ ಅಂತ ನಂಬಿದ್ದ ಹುಡುಗರಿಗೆ ಆಮೇಲೆ ಏನಾಯಿತು?"

ಆ ಪ್ರಶ್ನೆಗೆ ಚಿತ್ರದಲ್ಲಿ ಹೆಚ್ಚು ಜಾಗವಿಲ್ಲ. ನನಗೋ ದಾಂಡೇಲಿಯ ಒಬ್ಬ ಗೆಳೆಯನ ನೆನಪಾಗಿ ಬಾಯಿ ಕಟ್ಟಿತು.

ಅವನ ಕಥೆಗೆ ಬರುವ ಮುನ್ನ ನಮ್ಮದೇ ಚಿತ್ರವೊಂದನ್ನು ನೆನೆಯಬೇಕು. ಅದೇ 1958ರಲ್ಲಿ ಬಿ. ಆರ್. ಪಂತುಲು ಅವರು 'ಸ್ಕೂಲ್ ಮಾಸ್ಟರ್' ತೆಗೆದರು. ಬೆಳ್ಳಿಹಬ್ಬ ಆಚರಿಸಿದ ಆ ಚಿತ್ರವನ್ನು ಮುಪ್ಪಿನ ತಂದೆತಾಯಿಗಳ ಗೋಳಿನ ಕಥೆಯೆಂದೇ ಎಲ್ಲರೂ ನೆನೆಯುತ್ತಾರೆ. ಆದರೆ ಅದರಲ್ಲೊಬ್ಬ ತುಂಟ ಶಿಷ್ಯನಿದ್ದಾನೆ. ಬೆತ್ತಕ್ಕೆ ಬಗ್ಗದ ಆ ಹುಡುಗನನ್ನು ಮೇಷ್ಟ್ರು ಮಮತೆಯಿಂದ ತಿದ್ದುತ್ತಾರೆ. ವರ್ಷಗಳು ಉರುಳಿ, ಮಕ್ಕಳು ಕೈಬಿಟ್ಟು, ಮೇಷ್ಟ್ರ ಮನೆ ಹರಾಜಿಗೆ ಬಂದ ಗಳಿಗೆಯಲ್ಲಿ ಅದನ್ನು ಉಳಿಸಲು ಬರುವವನು ಅದೇ ಹುಡುಗ. ಈಗ ಪೋಲೀಸು ಅಧಿಕಾರಿ. ಆ ಪಾತ್ರದಲ್ಲಿ ಶಿವಾಜಿ ಗಣೇಶನ್ನರು ಬಂದು ನಿಂತಾಗ ಟೆಂಟಿನಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಬಲ್ಲೆ.

ಎರಡೂ ಒಂದೇ ವರ್ಷದ ಚಿತ್ರಗಳು. ಅಲ್ಲಿ ಪೋಲೀಸಿನವನು ಪುಂಡ ಹುಡುಗನಾಗುತ್ತಾನೆ. ಇಲ್ಲಿ ಪುಂಡ ಹುಡುಗ ಪೋಲೀಸಿನವನಾಗುತ್ತಾನೆ. ಹುಡುಗನನ್ನು ಗೆಲ್ಲಲು ಅಲ್ಲಿ ಹೂಡಿದ್ದು ನಟನೆ. ಇಲ್ಲಿ ಹೂಡಿದ್ದು ಒಬ್ಬ ಬಡ ಮೇಷ್ಟ್ರ ಹತ್ತಾರು ವರ್ಷದ ತಾಳ್ಮೆ. ನಮ್ಮದು ಮೇಲು, ಅವರದು ಕೀಳು ಎಂದು ಬೆನ್ನು ತಟ್ಟಿಕೊಳ್ಳುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ಹತ್ತು ವರ್ಷ ಕಳೆಯುವುದರೊಳಗೆ ನಾವೂ ಮಾರುವೇಷಕ್ಕೆ ಮರುಳಾದೆವು.

ದಾಂಡೇಲಿ ಆಗ ಹೊಸ ಊರು. ಅಳ್ನಾವರದಿಂದ ಕಾಡಿನ ಮರ ಸಾಗಿಸಲು ಹಾಕಿದ ರೈಲುಹಾದಿ, ಕಾಳಿನದಿ, ಸಾಮಿಲ್ಲು. ಇಷ್ಟಿದ್ದ ಊರಿಗೆ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ಹೊಸ ಜೀವ ತಂದಿತು. 1959ರಲ್ಲಿ ಅಲ್ಲಿ ಉತ್ಪಾದನೆ ಮೊದಲಾಯಿತು. ಹಳಿಯಾಳದಿಂದ, ಧಾರವಾಡದಿಂದ, ಮಲೆಯಾಳ ಸೀಮೆಯಿಂದ, ತೆಲುಗು ನಾಡಿನಿಂದ, ರಾಜಸ್ಥಾನದಿಂದ ಜನ ಬಂದರು. ಒಂದೇ ಓಣಿಯಲ್ಲಿ ಐದು ಭಾಷೆ! ನನ್ನ ಗೆಳೆಯನ ಮನೆಯವರು ಮುಂಡಗೋಡದ ಕಡೆಯವರು, ತಂದೆ ದಿನಗೂಲಿ. ನಾವಿಬ್ಬರೂ ಒಂದೇ ಶಾಲೆ, ಒಂದೇ ಬೆಂಚು. ಮಳೆಗಾಲದಲ್ಲಿ ಟೆಂಟು ಕೀಳುತ್ತಿದ್ದರು. ಬೇಸಗೆಯಲ್ಲಿ ಮತ್ತೆ ಬಿಗಿದಾಗ ನೆಲದ ಟಿಕೇಟಿಗೆ ಕಾಸು ಹೊಂದಿಸುವುದೇ ನಮ್ಮ ಜೀವನದ ಪರಮ ಪುರುಷಾರ್ಥ.

1969ರ ಬೇಸಗೆ ಎಂದು ನನ್ನ ನೆನಪು. 'ಗೋವಾದಲ್ಲಿ ಸಿ.ಐ.ಡಿ. 999' ನಮ್ಮ ಟೆಂಟಿಗೆ ಬಂತು. ದೊರೆ-ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ' ತೆಗೆದು, ರಾಜಕುಮಾರರನ್ನು ಕನ್ನಡದ ಜೇಮ್ಸ್ ಬಾಂಡ್ ಮಾಡಿ, ಅದೇ ವರ್ಷ ಈ ಎರಡನೆಯ ಚಿತ್ರವನ್ನೂ ಬಿಡುಗಡೆ ಮಾಡಿದ್ದರು. ನಟಿ ಲಕ್ಷ್ಮಿಗೆ ಇದೇ ಮೊದಲ ಕನ್ನಡ ಚಿತ್ರ. ಅದುವರೆಗೆ ಕಿರೀಟ ಧರಿಸಿ, ಪಂಚೆಯುಟ್ಟು ಕಂಡ ಅಣ್ಣಾವ್ರು ಸೂಟು ತೊಟ್ಟು, ಪಿಸ್ತೂಲು ಹಿಡಿದು ಬಂದರೆ ನಮಗೆ ಹೇಗಾಗಿರಬೇಡ! ಬೆಂಗಳೂರಿನ ಹುಡುಗರಿಗೆ ಗೋವೆ ಎಂದರೆ ದೂರದ ಮಾಯಾಲೋಕ, ನಮಗೋ ನೆರೆಮನೆ. ಸೂಪಾ ತಾಲ್ಲೂಕಿನ—ಈಗ ಅದು ಜೋಯಿಡಾ—ಕ್ಯಾಸಲ್‌ರಾಕ್ ರೈಲುನಿಲ್ದಾಣವೇ ಒಂದು ಕಾಲಕ್ಕೆ ಪೋರ್ಚುಗೀಸರ ಸೀಮೆಯ ಹೊಸ್ತಿಲಾಗಿತ್ತು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಗುವವರೆಗೆ ಅಲ್ಲಿಂದಾಚೆಗೆ ಬೇರೆ ದೇಶ. ಹೊರದೇಶದ ಕೈಗಡಿಯಾರ, ಚಿನ್ನ ಈ ಕಾಡುದಾರಿಗಳಲ್ಲಿ ಸದ್ದಿಲ್ಲದೆ ಇಳಿದು ಬರುತ್ತಿದ್ದವು. ಮುಂಬಯಿ ಪ್ರಾಂತದಲ್ಲಿ 1950ರಿಂದ ಪಾನನಿರೋಧ. 1956ರವರೆಗೆ ನಮ್ಮ ಉತ್ತರ ಕನ್ನಡವೂ ಅದೇ ಪ್ರಾಂತಕ್ಕೆ ಸೇರಿದ್ದು. ಗಡಿಯಾಚೆಗೆ ಸೆರೆ ಅಗ್ಗ, ಈಚೆಗೆ ನಿಷಿದ್ಧ. ಮುಂದೆ ಏನಾದೀತೆಂದು ಹೇಳಲು ಪತ್ತೇದಾರನೇ ಬರಬೇಕಾಗಿಲ್ಲ. ಗೋವೆ ಭಾರತಕ್ಕೆ ಸೇರಿದ ಮೇಲೂ ಅಲ್ಲಿಯ ಅಗ್ಗದ ಬೆಲೆ ಹಾಗೆಯೇ ಉಳಿಯಿತು; ಆ ದಾರಿಗಳೂ ಉಳಿದವು.

ಚಿತ್ರ ನೋಡಿದ ಮರುದಿನದಿಂದ ಕಾಳಿನದಿಯ ದಂಡೆಯೇ ನಮ್ಮ ಗೋವೆ. ನಾನು 999, ಅವನು ಕಳ್ಳ; ಮರುದಿನ ಅವನು 999, ನಾನು ಕಳ್ಳ. ಅವನಿಗೆ ಮಾರುವೇಷವೆಂದರೆ ಪ್ರಾಣ. ಅಪ್ಪನ ಟೋಪಿ, ಇದ್ದಿಲಿನ ಮೀಸೆ. "ಪೋಲೀಸ ಯಾರು ಅಂತ ಕಳ್ಳಗ ಕಡೀತನಕಾ ಗೊತ್ತಾಗಬಾರದು, ಅದ್ರಾಗ ಮಜಾ ಐತಿ" ಎನ್ನುತ್ತಿದ್ದ.

ಅದೇ ರಜೆಯಲ್ಲಿ ಅವನು ಬಿದಿರು ಸಾಗಿಸುವ ಲಾರಿಯೊಂದಕ್ಕೆ ಕ್ಲೀನರನಾಗಿ ಸೇರಿದ. ಹದಿಮೂರು ವರ್ಷದ ಹುಡುಗ. ಲಾರಿ ಜಗಲಬೇಟದ ಕಡೆಗೆ, ಒಮ್ಮೊಮ್ಮೆ ಅನಮೋಡದವರೆಗೂ ಹೋಗುತ್ತಿತ್ತು. ಹಿಂದಿರುಗುವಾಗ ಬಿದಿರಿನ ಹೊರೆಯ ಅಡಿಯಲ್ಲಿ ಗೋಣೀಚೀಲದ ಗಂಟುಗಳು. ಅದರಲ್ಲಿ ಬಾಟಲಿಗಳಿರುವುದು ಅವನಿಗೂ ಗೊತ್ತಿತ್ತು, ಅವನಿಂದ ನನಗೂ. ಒಂದು ಖೇಪಿಗೆ ಒಂದು ರೂಪಾಯಿ ಹೆಚ್ಚು ಸಿಗುತ್ತಿತ್ತು. ಆ ರೂಪಾಯಿಯಲ್ಲಿ ನಾವಿಬ್ಬರೂ ಸಿನಿಮಾ ನೋಡಿದ್ದೇವೆ. ಆದುದರಿಂದ ನಾನು ಸಾಧುವೆಂದು ಹೇಳಿಕೊಳ್ಳಲಾರೆ.

ಅಷ್ಟರಲ್ಲಿ ಚಹಾದಂಗಡಿಗೆ ಹೊಸಬನೊಬ್ಬ ಬಂದು ಕೂರತೊಡಗಿದ. ಬೀಡಿ ಕಂಪನಿಯ ಏಜೆಂಟನೆಂದು ಹೇಳಿಕೊಂಡ. ಪಟ್ಟೆಪಟ್ಟೆಯ ಅಂಗಿ, ಸೈಕಲ್ಲು, ಬಾಯಿತುಂಬ ನಗು. ನನ್ನ ಗೆಳೆಯನಿಗೆ ಭಜಿ, ಚಹಾ ಕೊಡಿಸಿದ. ಟೆಂಟಿನಲ್ಲಿ ಕುರ್ಚಿಯ ಟಿಕೇಟು ತೆಗೆದುಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡ. ಹುಟ್ಟಿ ಬುದ್ಧಿ ತಿಳಿದಾಗಿನಿಂದ ನನ್ನ ಗೆಳೆಯ ಕುರ್ಚಿಯ ಮೇಲೆ ಕೂತು ಸಿನಿಮಾ ನೋಡಿದ್ದು ಅಂದೇ.

"ತಮ್ಮಾ, ಲಾರಿ ಮ್ಯಾಗ ಕುಂತು ಎಲ್ಲಿಮಟಾ ಹೋಗ್ತಿ?" ಎಂದು ಅವನು ಕೇಳುತ್ತಿದ್ದ.

"ಅನಮೋಡಮಟಾ, ಅಣ್ಣಾ."

"ಅಬ್ಬಾ, ಧೈರ್ಯವಂತ ಅದೀ ಬಿಡು. ರಾತ್ರಿ ಹೊತ್ತಿಗೇನ?"

ಮನೆಯಲ್ಲಿ ಯಾರೂ ಆಡದ ಹೊಗಳಿಕೆಯ ಮಾತು ಅದು. ಹುಡುಗ ಎಲ್ಲವನ್ನೂ ಹೇಳಿದ. ಯಾವ ದಿನ, ಯಾವ ದಾರಿ, ಯಾವ ಲಾರಿ ಎಲ್ಲವನ್ನೂ. ಹೇಳಿದ್ದು ಭಯಕ್ಕಲ್ಲ, ದುರಾಸೆಗಲ್ಲ. ಒಬ್ಬ ಅಣ್ಣ ಸಿಕ್ಕನೆಂಬ ಸಂತೋಷಕ್ಕೆ.

ಒಂದು ರಾತ್ರಿ ಸೂಪಾದಿಂದೀಚೆಗೆ ಲಾರಿಗೆ ಅಡ್ಡಗಟ್ಟಿದರು. ಡ್ರೈವರ್ ಬಾಗಿಲು ತೆರೆದು ಕಾಡಿಗೆ ಹಾರಿದ. ಮಾಲಿನ ಒಡೆಯ ಎಂದಿನಂತೆ ತನ್ನ ಮನೆಯಲ್ಲಿ ಸುಖನಿದ್ರೆಯಲ್ಲಿದ್ದ. ಬಿದಿರಿನ ಹೊರೆಯ ಮೇಲೆ ನಿದ್ದೆಗಣ್ಣಿನಲ್ಲಿ ಕೂತಿದ್ದ ಹುಡುಗನೊಬ್ಬನೇ ಕೈಗೆ ಸಿಕ್ಕಿದ. ಟಾರ್ಚಿನ ಬೆಳಕಿನಲ್ಲಿ ಖಾಕಿ ತೊಟ್ಟವರ ನಡುವೆ ಪರಿಚಯದ ಮುಖವನ್ನು ಕಂಡು ಅವನು, "ಅಣ್ಣಾ, ನೀವಾ? ಪಾರುಮಾಡಾಕ ಬಂದೀರೇನು?" ಎಂದನಂತೆ. ಆ ಮನುಷ್ಯ ಮಾತನಾಡಲಿಲ್ಲ. ಟಾರ್ಚನ್ನು ಬೇರೆಡೆಗೆ ತಿರುಗಿಸಿದ.

ನನ್ನ ಗೆಳೆಯ ಎರಡು ವರ್ಷ ಸರಕಾರದ ಬಾಲಕರ ಮಂದಿರವೊಂದರಲ್ಲಿದ್ದ. ಯಾವ ಊರೆಂದು ಹೇಳುವುದಿಲ್ಲ. ನಮ್ಮ ಕಡೆ ಹುಡುಗರು ತಪ್ಪು ಮಾಡಿದರೆ ಹಿರಿಯರು, "ಧಾರವಾಡದ ಬೋರ್ಸ್ಟಲ್ಲಿಗೆ ಹಾಕಿಸ್ತೀನಿ ನೋಡು" ಎಂದು ಹೆದರಿಸುತ್ತಿದ್ದುದುಂಟು. 1929ರ ಮುಂಬಯಿ ಬೋರ್ಸ್ಟಲ್ ಕಾಯಿದೆಯ ಪ್ರಕಾರ ಧಾರವಾಡದಲ್ಲಿ ಅಂಥದೊಂದು ಶಾಲೆಯನ್ನು ನಡೆಸಿದ್ದರು. ಹದಿನಾರರಿಂದ ಇಪ್ಪತ್ತೊಂದರ ಒಳಗಿನ ಅಪರಾಧಿಗಳನ್ನು ದೊಡ್ಡ ಕೈದಿಗಳಿಂದ ಬೇರ್ಪಡಿಸಿ, ಕಸುಬು ಕಲಿಸಿ ಕಳುಹಿಸುವುದು ಅದರ ಉದ್ದೇಶ. ಮೈಸೂರು ರಾಜ್ಯವೂ 1964ರಲ್ಲಿ ಮಕ್ಕಳ ಕಾಯಿದೆಯನ್ನು ಮಾಡಿತು. ಕಾಗದದ ಮೇಲೆ ಉದ್ದೇಶಗಳು ಒಳ್ಳೆಯವೇ. ಆದರೆ ಅಲ್ಲಿಂದ ಹಿಂದಿರುಗಿ ಬಂದವನು ಹೋದ ಹುಡುಗನಾಗಿರಲಿಲ್ಲ. ಬಡಗಿಯ ಕೆಲಸ ಕಲಿತಿದ್ದ, ಮಾತು ಬಿಟ್ಟಿದ್ದ. ಯಾರಾದರೂ ತಾನಾಗಿ ಹತ್ತಿರ ಬಂದು ನಕ್ಕರೆ ಎದ್ದು ಆಚೆ ಹೋಗುತ್ತಿದ್ದ.

ಆ ಪೋಲೀಸಿನವನನ್ನು ದುಷ್ಟನೆಂದು ನಾನು ಇಂದಿಗೂ ಹೇಳಲಾರೆ. ಮೇಲಿನವರು ಹೊರಿಸಿದ ಕೆಲಸವನ್ನು ಅವನು ಜಾಣತನದಿಂದ ಮಾಡಿದ. ಒಂದೆರಡು ತಿಂಗಳ ತರುವಾಯ ಹುಡುಗನ ತಾಯಿಯ ಬಳಿಗೆ ಒಬ್ಬನೇ ಬಂದು, ಹತ್ತು ರೂಪಾಯಿ ಕೊಡಲು ಹೋದನಂತೆ. ಆಕೆ ಹೊಸ್ತಿಲಲ್ಲೇ ನಿಂತು, "ಸಾಹೇಬ್ರ, ಮೊದಲ ಬಂದಾಗ ನೀವು ಯಾರಂತ ಹೇಳಿದ್ರ ನಮ್ಮ ಹುಡುಗಗ ನಾನ ಬುದ್ಧಿ ಹೇಳತಿದ್ದೆ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಬಾಟಲಿಯ ಒಡೆಯ ಮಾತ್ರ ಮುಂದಿನ ಮಳೆಗಾಲಕ್ಕೆ ಇನ್ನೊಂದು ಲಾರಿ ಕೊಂಡ.

ವರ್ಷಗಳು ಕಳೆದವು. ಎಚ್. ಕೆ. ಅನಂತರಾವ್ ಅವರ 'ಅಂತ' ಕಾದಂಬರಿ 'ಸುಧಾ' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಓಣಿಯ ಒಂದೇ ಪ್ರತಿ ಹತ್ತು ಮನೆ ಸುತ್ತುತ್ತಿತ್ತು. ನನ್ನ ಪಾಳಿ ಬರುವಷ್ಟರಲ್ಲಿ ರಕ್ಷಾಪುಟ ಹರಿದಿರುತ್ತಿತ್ತು. 1981ರಲ್ಲಿ ರಾಜೇಂದ್ರಸಿಂಗ್ ಬಾಬು ಅದನ್ನು ತೆರೆಗೆ ತಂದರು. ಇನ್‌ಸ್ಪೆಕ್ಟರ್ ಸುಶೀಲಕುಮಾರನೂ ಅಂಬರೀಷ್, ಅವನನ್ನೇ ಹೋಲುವ ಪಾತಕಿ ಕನ್ವರ್‌ಲಾಲನೂ ಅಂಬರೀಷ್. ಪಾತಕಿಯ ಹೆಸರು ಹೊತ್ತು ಪೋಲೀಸಿನವನು ದುಷ್ಟಕೂಟವನ್ನು ಹೊಗುತ್ತಾನೆ. ಗುಟ್ಟು ಒಡೆದ ಮೇಲೆ ಅವನು ಅನುಭವಿಸುವ ಚಿತ್ರಹಿಂಸೆಯನ್ನು ಕಂಡು ಗಟ್ಟಿಗರೂ ಮುಖ ತಿರುಗಿಸಿದರು. 999ರ ಸೂಟು, ಚುರುಕು, ಚಮತ್ಕಾರ ಒಂದೂ ಅಲ್ಲಿಲ್ಲ. ಮಾರುವೇಷವೆಂಬುದು ಹಾಕಿಕೊಂಡವನ ಚರ್ಮವನ್ನೇ ಸುಲಿಯಬಲ್ಲದೆಂದು ಕನ್ನಡ ಪ್ರೇಕ್ಷಕನಿಗೆ ಮೊದಲು ಮನಗಾಣಿಸಿದ್ದು ಆ ಚಿತ್ರವೇ ಎಂದು ನನ್ನ ಎಣಿಕೆ. 'ಮೇರಿ ಆವಾಜ್ ಸುನೋ' ಎಂದು ಜಿತೇಂದ್ರರನ್ನು ಹಾಕಿಕೊಂಡು ಬಾಬು ಅವರೇ ಅದೇ ವರ್ಷ ಹಿಂದಿಯಲ್ಲಿಯೂ ತೆಗೆದರು. 2017ರಲ್ಲಿ ಬಂದ ನರ್ತನರ 'ಮಫ್ತಿ'ಯವರೆಗೆ, ಜಾಲದೊಳಕ್ಕೆ ಇಳಿಯುವ ಪೋಲೀಸಿನವನ ಕಥೆಗೆ ನಮ್ಮಲ್ಲಿ ಬೇಡಿಕೆ ತಗ್ಗಿಲ್ಲ.

'ಅಂತ' ನೋಡಲು ನಾನು ಒತ್ತಾಯ ಮಾಡಿ ಗೆಳೆಯನನ್ನು ಹಳಿಯಾಳಕ್ಕೆ ಕರೆದೊಯ್ದೆ. ಇಂಟರ್ವಲ್ಲಿನಲ್ಲಿ ಹೊರಗೆ ಬಂದವನು ಮತ್ತೆ ಒಳಗೆ ಬರಲಿಲ್ಲ. ಚಿತ್ರ ಮುಗಿದ ಮೇಲೆ ನೋಡಿದರೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಬೀಡಿ ಸೇದುತ್ತ ಕುಳಿತಿದ್ದ.

"ಯಾಕೋ, ಸೇರಲಿಲ್ಲೇನ?" ಎಂದೆ.

"ಚಲೋ ಐತಿ. ಪೋಲೀಸನ ಪಾಡು ನೋಡಿ ಮಂದಿ ಅತ್ತರು, ಅಳಬೇಕಾದ್ದ. ಆ ಕಳ್ಳರ ಅಡ್ಡೆದಾಗ ಚಾ ಕೊಡೋ ಹುಡುಗ ಒಬ್ಬ ಇರ್ತಾನಲ್ಲ, ಅವನ ಪಾಡು ಏನಾತು ಅಂತ ಯಾರೂ ತೆಗೆಯೂದಿಲ್ಲ ನೋಡು."

ನನ್ನ ಮೊಮ್ಮಗನ ಪ್ರಶ್ನೆಯನ್ನು ಅವನು ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕೇಳಿದ್ದ.

ಈ ಸಲ ದಾಂಡೇಲಿಗೆ ಹೋದಾಗ ಅವನನ್ನು ಕಾಣಲೆಂದೇ ಹೋದೆ. ಊರು ಬದಲಾಗಿದೆ, ಕಾಳಿಯಲ್ಲಿ ದೋಣಿ ಹುಟ್ಟುಹಾಕಲು ದೂರದೂರದ ಪ್ರವಾಸಿಗರು ಬರುತ್ತಾರೆ. ಹಳೆಯ ಸೂಪಾ ಊರು ಅಣೆಕಟ್ಟಿನ ನೀರಿನಡಿ ಮಲಗಿದೆ. ಅಂದು ಲಾರಿ ತಡೆದ ರಸ್ತೆಯನ್ನು ಹುಡುಕಿದರೂ ಸಿಗಲಿಕ್ಕಿಲ್ಲ. ಅವನು ಪ್ರವಾಸಿಗರ ಬಂಗಲೆಗಳಿಗೆ ಮಂಚ, ಕುರ್ಚಿ ಮಾಡಿಕೊಡುತ್ತಾನೆ. ಮೀಸೆ ಪೂರಾ ಬಿಳಿ. ಉಳಿ ಬದಿಗಿಟ್ಟು ನನ್ನ ಮಾತು ಕೇಳಿದ.

ಬಾಲನ್ಯಾಯದ 2015ರ ಕಾಯಿದೆಯನ್ನು ನಾನು ಓದಿಕೊಂಡು ಹೋಗಿದ್ದೆ. ಹದಿನೆಂಟರೊಳಗಿನ ಯಾರನ್ನೂ ಠಾಣೆಯ ಲಾಕಪ್ಪಿಗಾಗಲಿ, ಸೆರೆಮನೆಗಾಗಲಿ ಹಾಕಕೂಡದು. ಇಪ್ಪತ್ತನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಲಿಯ ಮುಂದೆ ನಿಲ್ಲಿಸಬೇಕು. ಮದ್ಯ ಸಾಗಿಸಲು ಮಗುವನ್ನು ಬಳಸಿದವನಿಗೆ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಇನ್ನಾವುದೇ ಅಕ್ರಮ ಕೆಲಸಕ್ಕೆ ಹಚ್ಚಿದರೂ ಏಳು ವರ್ಷ, ಐದು ಲಕ್ಷ. "ಅಂದರ ಬಾಟಲಿ ಮಾಲಕಗ," ಎಂದ ಅವನು. ಹೌದೆಂದೆ. ಒಂದು ಗಳಿಗೆ ಕಿಟಕಿಯಾಚೆ ನೋಡಿ ತಲೆಯಾಡಿಸಿದ.

"ಇನ್ನೊಂದು ನಿಯಮ ಐತಿ," ಎಂದೆ. 2016ರ ನಿಯಮಾವಳಿಯ ಮಾತದು. ಮಗುವಿನೊಂದಿಗೆ ವ್ಯವಹರಿಸುವ ಮಕ್ಕಳ ಕಲ್ಯಾಣ ಪೋಲೀಸ್ ಅಧಿಕಾರಿ ಸಮವಸ್ತ್ರ ತೊಡಕೂಡದು, ಸಾದಾ ಉಡುಪಿನಲ್ಲಿಯೇ ಇರಬೇಕು, ಬೇಡಿ ಹಾಕಕೂಡದು. ಖಾಕಿ ಕಂಡು ಮಗು ಬೆದರಬಾರದೆಂಬುದು ಅದರ ಆಶಯ.

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ನಗು ತಡೆಯಲಾರದೆ ಮೈಯೆಲ್ಲ ಅಲುಗಿಸಿ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಕಾಳಿಯ ದಂಡೆಯ ಆಟದ ದಿನಗಳ ತರುವಾಯ ಕಂಡಿರಲಿಲ್ಲ.

"ಮಫ್ತಿಯೊಳಗ ಬರ್ತಾರಂತೇನ? ಬರಲಿ, ಬರಲಿ," ಎಂದು ಕಣ್ಣೊರೆಸಿಕೊಂಡ. "ಬಂದ ಕೂಡಲೆ ಹುಡುಗಗ ತಮ್ಮ ಹೆಸರು ಹೇಳ್ತಾರೇನ, ಅದನ್ನ ಅಷ್ಟ ನೋಡಿ ಹೇಳು."

ಉಳಿಯನ್ನು ಕೈಗೆತ್ತಿಕೊಂಡು ಕುರ್ಚಿಯ ಕಾಲನ್ನು ಕೆತ್ತತೊಡಗಿದ. ಸಂಜೆ ಚಹಾ ಬಂತು. ತಂದವನು ಅವನ ಮೊಮ್ಮಗ. ಶಾಲೆಯಿಂದ ಆಗಷ್ಟೇ ಬಂದಿದ್ದ.